ಎಡತೋಳು, ಬಲತೋಳು

ಬಾಂಬೂ ನಂಬರ್ ಟೂ ಗುಜರಿಯಲ್ಲಿ ರಾಮ್‌ಜಟ್ಟನ್ ಹೇಳಿದ್ದ:
"ಜಪಾನಿನ ಮಾಲು. ದೊಡ್ಡ ಡಿಸ್ಕು, ದೊಡ್ಡ ಕ್ಯಾಲಿಪರು.
ಆನೆ ಅಡ್ಡ ಬಂದರೂ ನಿಲ್ಲುತ್ತೆ ಗಾಡಿ."
ಟ್ರಿನಿಡಾಡಿನಲ್ಲಿ ಆನೆಯಿಲ್ಲ.
ಇರುವುದು ಮರಾಕಸ್ ಕಡಲಿಗೆ ಇಳಿಯುವ ಡೊಂಕು ರಸ್ತೆ,
ಅಲ್ಲಿ ಹೋದ ತಿಂಗಳು ನನ್ನ ನಿಸ್ಸಾನಿನ ಹಳೇ ಬ್ರೇಕು
ಸುಟ್ಟ ಕೂದಲಿನ ನಾತ ಬಿಡುತ್ತ
ಒಂದು ತಿರುವು ತಡವಾಗಿ
ಮಾತು ಕೇಳಿತ್ತು.

ಕಾರ್ನಿವಲ್ ಮುಗಿದ ಮೊದಲ ಶನಿವಾರ.
ಅಂಗಳದ ತುಂಬ, ಪಕ್ಕದ ಮನೆ ಮಿಸ್ ಯುಲಾಲಿ
ಹೊಲಿದ ದಿರಿಸಿನಿಂದ ಉದುರಿದ ಚಮಕಿ, ನೀಲಿ ಪುಕ್ಕ.
ಜಾಕನ್ನು ನಂಬದೆ ಸ್ಟ್ಯಾಂಡಿನ ಮೇಲೆ ಗಾಡಿ ಕೂರಿಸಿದೆ,
ಅಷ್ಟು ಬುದ್ಧಿ ಇತ್ತು.
ಬಿಚ್ಚಿದ ಕ್ಯಾಲಿಪರನ್ನು ಮಾತ್ರ
ರಬ್ಬರು ನಳಿಕೆಯಲ್ಲೇ ಜೋತುಬಿಟ್ಟಿದ್ದೆ.
ಬೇಲಿಯಾಚೆಯಿಂದ ಆಕೆ:
"ಕೂಸನ್ನು ಹೊಕ್ಕುಳಬಳ್ಳಿ ಹಿಡಿದು ನೇತುಹಾಕ್ತಾರೇನೋ, ರಾಂಡೆಲ್?"
ರೆಕ್ಕೆ ಕಟ್ಟಿ ಉಳಿದ ತಂತಿಯ ತುಂಡೊಂದು ಹಾರಿ ಬಂತು.
ಕೊಕ್ಕೆ ಬಗ್ಗಿಸಿ ಸ್ಪ್ರಿಂಗಿಗೆ ಸಿಕ್ಕಿಸಿದೆ.

ಹೊಸ ಡಿಸ್ಕಿಗೆ ತುಕ್ಕು ತಾಗದಿರಲೆಂದು ಬಳಿದ ಎಣ್ಣೆ,
ಒರೆಸಿದೆ.
ಮಧ್ಯಾಹ್ನ ತಿಂದ ಕರಿದ ಮೀನಿನ ಜಿಡ್ಡು ನನ್ನ ಹೆಬ್ಬೆರಳಲ್ಲಿ,
ಮತ್ತೆ ಒರೆಸಿದೆ.
ಚಕ್ರ ಹಾಕಿ ನೋಡಿದರೆ ಕ್ಯಾಲಿಪರಿಗೆ ಬಡಿಯುತ್ತೆ,
ತಿರುಗುವುದಿಲ್ಲ. ಹದಿನಾಲ್ಕು ಇಂಚು ಸಾಲದು.
"ಅಳತೆ ತೆಗೆಯದೆ ಕತ್ತರಿ ಹಾಕಿದ್ದೀಯ" ಅಂದಳು.
ಸೋದರತ್ತೆ ಮಗನ ಹದಿನೈದರ ನಾಲ್ಕು ಚಕ್ರ
ಎರಡು ಬಿಯರಿನ ಮೇಲೆ ಸಾಲ ತಂದೆ.

ಇಳಿಹೊತ್ತಿಗೆ ಗಾಳಿ ತೆಗೆಯುವ ಕೆಲಸ. ಒಂಟಿ ಕೈಗೆ ಆಗದ್ದು.
ಯುಲಾಲಿ ಚಪ್ಪಲಿ ಕಳಚಿ ಸೀಟಿಗೆ ಹತ್ತಿದಳು.
ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು.
ಒತ್ತು.
ಒತ್ತಿದೆ.
ಹಿಡಿ.
(ಸ್ಕ್ರೂ ಸಡಿಲ, ಸ್ಕ್ರೂ ಬಿಗಿ)
ಬಿಡು.
ಒತ್ತು. ಒತ್ತಿದೆ. ಹಿಡಿ. ಬಿಡು.
ಬಾಟಲಿ ಒಂದು ಖಾಲಿ, ಎರಡು ಖಾಲಿ,
ಅವಸರದಲ್ಲಿ ಒಂದಿಷ್ಟು ಮಡ್‌ಗಾರ್ಡಿನ ಮೇಲೆ ಚೆಲ್ಲಿ
ಅಂಗೈಯಗಲ ಬಣ್ಣ ಸುಕ್ಕುಗಟ್ಟಿತು.
"ಪೆಡಲು ಹಿಟ್ಟು ನಾದಿದ ಹಾಗಿದೆ ಮಗಾ.
ಕಾಲಿಗೆ ನೆಲವೇ ಸಿಗ್ತಿಲ್ಲ."
ಸರಿಯಾಗಿಯೇ ಇದೆ ಅಂದೆ. ಕತ್ತಲಾಗುತ್ತಿತ್ತು,
ಭಾನುವಾರ ಕಡಲಿಗೆ ಹೋಗುವ ಮಾತು ಕೊಟ್ಟಾಗಿತ್ತು.

ಆಕೆ ಇಳಿದು, ಮಂಡಿಯೂರಿ,
ಟಾರ್ಚು ಬಿಟ್ಟು ಚಕ್ರದ ಗೂಡಿನೊಳಗೆ ನೋಡಿದಳು.
"ಗಾಳಿ ಬಿಡೋ ಆ ಮೊಲೆತೊಟ್ಟು ಕೆಳಗ್ಯಾಕಿದೆ?
ನೀರಲ್ಲಿ ಗುಳ್ಳೆ ತಳಕ್ಕೆ ಹೋಗೋದನ್ನ ಎಲ್ಲಿ ಕಂಡೆ ನೀನು?"
ನಾನು ಸುಮ್ಮನೆ ನಿಂತೆ.
"ಎಡತೋಳನ್ನು ಬಲಕ್ಕೆ ಹೊಲಿದಿದ್ದೀಯ."
ಆಮೇಲೆ, ನಗದೆ:
"ನಾನೂ ಒಮ್ಮೆ ಸ್ಟೀಲ್‌ಪ್ಯಾನ್ ತಂಡಕ್ಕೆ
ನಲವತ್ತು ಕೋಟು ಹೀಗೇ ಹೊಲಿದಿದ್ದೆ.
ಚೆಂದ ಕಾಣುತ್ತಿದ್ದವು.
ಬಾರಿಸಲು ಒಬ್ಬನಿಗೂ ಕೈ ಎತ್ತಲಾಗಲಿಲ್ಲ."

ಭಾನುವಾರ ಕಡಲಿಲ್ಲ.
ಎರಡೂ ಬಿಚ್ಚಿ ಅದಲುಬದಲು, ತೊಟ್ಟು ಮೇಲಕ್ಕೆ.
ಹಳೇ ತಾಮ್ರದ ವಾಷರು ಬಿಸಾಕಿ ಹೊಸದು.
ಒತ್ತು. ಒತ್ತಿದೆ. ಹಿಡಿ.
ಗುಳ್ಳೆ ಬಂತು, ಸಾಲಾಗಿ, ಮೀನಿನ ಉಸಿರಿನಂತೆ,
ಆಮೇಲೆ ಬರೀ ಜೇನುಬಣ್ಣದ ದ್ರವ.
"ಈಗ ಸಿಕ್ಕಿತು ನೆಲ" ಅಂದಳು.

ಓಣಿಯಲ್ಲಿ ಮೊದಲು ನಡಿಗೆಯ ವೇಗ, ಕೈ ಹ್ಯಾಂಡ್‌ಬ್ರೇಕಿನ ಮೇಲೆ.
ಬೀದಿನಲ್ಲಿಯ ಹತ್ತಿರ ಒತ್ತಿದೆ. ನಿಂತಿತು.
ಪ್ಯಾಡು ಪಳಗಿಸಲು ಇನ್ನು ದೊಡ್ಡ ರಸ್ತೆಗೆ ಹೊರಳಬೇಕು,
ಬೇಲಿಯ ಮೇಲಿಂದ ಖಾಲಿ ಅಂಗೈ ಒಂದು ಚಾಚಿತು:

"ನನ್ನ ತಂತಿ?
ಚುಚ್ಚಿದ ಗುಂಡುಸೂಜಿ ಎಣಿಸದೆ
ನಾನು ದಿರಿಸು ಕೊಡೋದಿಲ್ಲ."

ಜೇಬಲ್ಲಿಲ್ಲ. ಡಬ್ಬಿಯಲ್ಲಿಲ್ಲ.
ಎಡ ಚಕ್ರದೊಳಗೆ, ಸ್ಪ್ರಿಂಗಿನಲ್ಲಿ,
ಡಿಸ್ಕಿಗೆ ಎರಡು ಬೆರಳ ದೂರದಲ್ಲಿ
ತೂಗುತ್ತಿತ್ತು, ತುದಿಗೊಂದು ಚಮಕಿ ಅಂಟಿಕೊಂಡು.

ಮತ್ತೆ ಜಾಕು ತಂದೆ.