ಎಳಿಯ ಸಪ್ಪಳ

"ಫೋಟೋದಾಗಿನ ಮೈ ನಿಮ್ದ ಏನ್ರಿ?"
ಕೇಳಿದ ಮೌನೇಶ, ಅಂಗೈಗೆ ಚಾಕ್‌ಪುಡಿ ಹಚಗೊಂತ.
ಹತ್ತೊಂಬತ್ತರ ಹುಡುಗ. ಮೂರು ತಿಂಗಳಾತು
ಅವನ ತೂಕ ಒಂದ ಕಡೆ ನಿಂತು.

ನಂದ, ಅಂದೆ.
ಆಮ್ಯಾಲೆ ಎದ್ದು ಜಿಮ್ಮಿನ ಬಾಗಲಾ ಮುಂದ ಮಾಡಿ ಬಂದು
ಪೂರ್ತಿ ನಂದಲ್ಲ, ಅಂದೆ.

ಬೆಟಗೇರಿಯ ಇದ ಓಣ್ಯಾಗ ನಮ್ಮಪ್ಪ
ಮಗ್ಗದ ಕುಣಿಯಾಗ ಕಾಲಿಳಿಬಿಟ್ಟು
ನಲವತ್ತು ವರ್ಷ ಕುಂತಾವ.
ಪಡಸಾಲ್ಯಾಗ ಉಣ್ಣಾಕತ್ತಾಗ, ಒಳಗ ಅವ್ವ ನೇಯ್ತಿದ್ದರ,
ತುತ್ತು ಕೈಯಾಗ ಹಿಡದು
"ಬಲಕ್ಕ ಒಂದೆಳಿ ಹೋತು ನೋಡು" ಅಂತಿದ್ದ.
ಕಣ್ಣೀಲೆ ಅಲ್ಲ. ಕಿವೀಲೆ.

ಆ ಕಿವಿ ನನಗೂ ಇತ್ತು ಮೊದಲ.
ಹೆಗಲ ಮ್ಯಾಲೆ ಕಬ್ಬಿಣ ಇದ್ದಾಗ
ಮೊಣಕಾಲು ಸಣ್ಣ ದನೀಲೆ ಏನರ ಅಂದರ
ಕೆಳಗಿಟ್ಟು ಮನಿಗೆ ಹೋಗ್ತಿದ್ದೆ.
ಐದು ಕಿಲೋದಾಗ ಒಂದು ಪದಕ ತಪ್ಪೂತನಕ.

ಹುಬ್ಬಳ್ಳಿಯಿಂದ ಒಬ್ಬಾವ ತಂದುಕೊಟ್ಟ.
ಎಣ್ಣಿಯಂಥಾ ಔಷಧ, ಸೀಸೆ ಮ್ಯಾಲೆ ಕುದುರಿ ಚಿತ್ರ.
ಅವ್ವಗ "ಬಿ-ಟ್ವೆಲ್ವ್" ಅಂದೆ.
ಆಕಿ ನೀರಿನ ನಳದ ಮುಂದ ನಿಂತು ಎಲ್ಲಾರಿಗೂ ಹೇಳಿದಳು:
"ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ,
ಅಷ್ಟ ತಿಂದು ಬೆಳದ ಮೈ ಯವ್ವಾ ಅದು."

"ಕೂಡ್ತೇನ್ರಿ ತೂಕ?"
ಅವನ ಕಣ್ಣಾಗ ಆಗಲೇ ಲೆಕ್ಕ ನಡದಿತ್ತು.
ಇಲ್ಲ ಅಂದಿದ್ದರ ಮುಗೀತಿತ್ತು.
ಕೂಡ್ತು. ನಾಕ ತಿಂಗಳದಾಗ ನಲವತ್ತು ಕಿಲೋ.
ಅದ ನೋಡು ಅದರ ಕೆಟ್ಟ ಗುಣ,
ಹೇಳಿದ್ದು ಮಾಡ್ತದ.

ಆದರ ಮೈ ಮಾತಾಡೂದು ಬಿಟ್ಟಿತು.
ಮೊಣಕಾಲು ಇಲ್ಲ, ಸೊಂಟ ಇಲ್ಲ,
ನಿದ್ದಿ ಬಂದದ್ದು, ಸಿಟ್ಟು ಬಂದದ್ದು, ಯಾವುದೂ ಬ್ಯಾರೆ ಬ್ಯಾರೆ ಕೇಳವಲ್ದು.
ಪವರ್‌ಲೂಮ್ ಶೆಡ್ಡಿನ್ಯಾಗ ನಿಂತಂಗ:
ಸದ್ದ ಸದ್ದು. ಅದರಾಗ
ಯಾವ ಎಳಿ ಹೋತು ಅಂತ ಯಾರಿಗೆ ತಿಳೀಬೇಕು?

ಒಂದಿನ ಎಡಗೈಯಾಗ ಟಕ್ ಅಂತು.
ನನಗಿಂತ ಮೊದಲ ಕೇಳಿದ್ದು ಅಪ್ಪಗ,
ಚಹಾದ ತಂಬಗಿ ಹಿಡಕೊಂಡು ಬಾಗಲದಾಗ ನಿಂತಿದ್ದ.
"ಏನೋ ಹರೀತಲ್ಲೋ" ಅಂದ.

ಗೋಣಿ ಬೆಳದಿತ್ತು, ಕಟ್ಟಿದ ಹಗ್ಗ ಬೆಳದಿರಲಿಲ್ಲ.
ಡಾಕ್ಟರು ರಕ್ತ ನೋಡಿ ಎಷ್ಟು ದಪ್ಪಾಗೇದ ಅಂದರು,
ಅಪ್ಪನ್ನ ಹೊರಗ ಕಳಿಸಿ ಉಳದದ್ದು ಕೇಳಿದರು.
ಮನಿಗೆ ಬರೂ ದಾರ್ಯಾಗ ಅಪ್ಪ ಏನೂ ಕೇಳಲಿಲ್ಲ.
ಬಿ-ಟ್ವೆಲ್ವ್ ಅಂತ ಮತ್ತ ನಾನೂ ಅನ್ನಲಿಲ್ಲ.
ಖರೇ ಮಾತೂ ಹೇಳಲಿಲ್ಲ.
ಅಂವ ಹೋಗಿ ಆರು ವರ್ಷ.
ಇವತ್ತ ನಿನ್ನ ಮುಂದ ಹೇಳಿದೆ.

ಮೌನೇಶ ಫೋಟೋ ಕಡೆ ನೋಡಲಿಲ್ಲ, ನನ್ನ ಕಡೆನೂ ಇಲ್ಲ.
ಬಾರಿನ ಮುಂದ ಬಗ್ಗಿ ಹಿಡದ,
ಭಾಳ ಹೊತ್ತು ಹಂಗ ಇದ್ದ, ಎತ್ತಲಿಲ್ಲ.
"ಇವತ್ತ ಬ್ಯಾಡ ಅಂತೈತ್ರಿ ಸೊಂಟ."
ಸೊಂಟ ಅಂತೈತೋ, ಅಂಜಿಕಿ ಅಂತೈತೋ?
"ಗೊತ್ತಾಗವಲ್ದು."
ಛಲೋ ಆತು, ಅಂದೆ. ಮದಲ ಅಷ್ಟ ಗೊತ್ತಾಗೂದು.

ಎರಡೂ ಕಡೆ ಒಂದೊಂದು ಪ್ಲೇಟ್ ತಗದ.
ನಾಳೆ ಏನು ಮಾಡ್ತಾನೋ, ಯಾರ ಹತ್ರ ಹೋಗ್ತಾನೋ,
ನನ್ನ ಕೈಯಾಗ ಇಲ್ಲ ಅದು.
ಓಣಿಯಾಚೆ ಒಂದು ಮಗ್ಗ ನಿಂತಿತು.
ಯಾರೋ ಎಳಿ ಹುಡಕಾಕತ್ತಿದ್ದರು, ಕಟ್ಟಾಕ.