ಓದಿ ಹೇಳಲಾಯಿತು, ಸರಿ ಇದೆ

ಮೂವತ್ತೊಂದು ವರ್ಷ ಕೋರ್ಟಿನಲ್ಲಿ
ಸಾಕ್ಷಿಗಳ ಮಾತು ಟೈಪು ಹೊಡೆದವಳು ನಾನು.
ಕಟ್ಟಕಡೆಯ ಸಾಲು ಯಾವಾಗಲೂ ಒಂದೇ:
ಓದಿ ಹೇಳಲಾಯಿತು, ಸರಿ ಇದೆ.
ಓದದೆಯೇ ಹೊಡೆದದ್ದೂ ಉಂಟು,
ಸಂಜೆ ಆರರ ಮೇಲೆ, ಕರೆಂಟು ಹೋದ ಮೇಲೆ.

ಈಗ ವಾರಕ್ಕೆರಡು ದಿನ, ಕಲಬುರಗಿಯ ಈ ಆಸ್ಪತ್ರೆಯಲ್ಲಿ
ಹನ್ನೊಂದನೇ ನಂಬರಿನ ಕೋಣೆಗೆ
ಯಾರದೋ ಅಕ್ಕನಂತೆ ಒಳಗೆ ಹೋಗುತ್ತೇನೆ.
ಡಾಕ್ಟರು ಹೇಳುತ್ತಾರೆ, ನಾನು ಬರೆಯುತ್ತೇನೆ.
ಒಬ್ಬರಿಗೆ ಐದು ನಿಮಿಷ,
ಬಾಗಿಲಾಚೆ ಇನ್ನೂ ಅರವತ್ತು ಚೀಟಿ.

ಇವತ್ತು ಚಿತ್ತಾಪುರದ ಮೌಲಾಬಿ.
ಎಡಗಡೆಯದು ತೆಗೆದು ಹನ್ನೆರಡು ದಿನ.
ಹೊರಗೆ ಶಹಾಬಾದ್ ಕಲ್ಲಿನ ತಣ್ಣನೆ ನೆಲಕ್ಕೆ ಕೂತು
'ಏನಂದ್ರು, ಹೇಳವ್ವಾ' ಅಂದೆ.
'ಭಾಳ ಛಲೋ ಮನಶ್ಯಾರಿ. ಅಂಗಿ ಗುಂಡಿ ಒಂದು ಹೋಗ್ಯಾದ.'
'ಮತ್ತ?'
'ಮತ್ತೇನಿಲ್ರಿ.'

ಮರೆವಲ್ಲ ಇದು.
ಸುತ್ತ ಹಳ್ಳಿಯ ಹೆಂಗಸರ ಕೈಯಳತೆಯೆಲ್ಲ ಈ ಬಳೆಗಾರ್ತಿಯ ತಲೆಯಲ್ಲಿದೆ.
ಯಾರಿಗೆ ಎರಡು ನಾಲ್ಕು, ಯಾರಿಗೆ ಎರಡು ಆರು,
ಹೆತ್ತ ಮೇಲೆ ಕೈ ಬಾತು ಯಾರದು ಎರಡು ಎಂಟಾಯಿತು,
ಯಾರ ಉದ್ರಿ ಎಷ್ಟು.
ಒಂದನ್ನೂ ಬರೆದಿಟ್ಟವಳಲ್ಲ.

ಕೋರ್ಟಿನಲ್ಲಿ ಕಂಡಿದ್ದೇನೆ:
ಸಾಕ್ಷಿ ಯಾವುದೋ ಒಂದು ಪದದಲ್ಲಿ ನಿಂತುಬಿಡುತ್ತಾನೆ,
ಆಮೇಲಿನ ಪ್ರಶ್ನೆಗಳೆಲ್ಲ ಗೋಡೆಗೆ.
ನೋಟುಬುಕ್ಕಿನಲ್ಲಿ ಬೆರಳಿಟ್ಟು ಹಿಂದಕ್ಕೆ ಹೋದೆ.
ಗಡ್ಡೆ, ಅಲ್ಲ. ಕ್ಯಾನ್ಸರ್, ಅಲ್ಲ, ಅದಕ್ಕೆ ತಲೆದೂಗಿದ್ದಳು.
ಆರು ಸಲ ಕೀಮೋ, ಬೆರಳು ಮಡಚಿ ಎಣಿಸಿದ್ದಳು.
ಆಮೇಲೆ, ಮೈಸೂರು ಕಡೆಯ ಕನ್ನಡದಲ್ಲಿ, ಮೆತ್ತಗೆ:
'ಇನ್ಮೇಲೆ ಎಡಗೈಗೆ ಬಳೆ ಹಾಕ್ಬೇಡಿ ಅಮ್ಮ.'

ಅಲ್ಲಿ.

'ಅವರು ಇನ್ನಾ ಇದ್ದಾರಲ್ರಿ ಬಾಯಿ,
ಚಹಾ ತರ್ಲಾಕ ಹೋಗ್ಯಾರ.'

ಸ್ವಲ್ಪ ಹೊತ್ತು ನನಗೂ ಮಾತು ಬರಲಿಲ್ಲ.
'ಬಾತ ಕೈಗೆ ಎರಡು ನಾಲ್ಕು ಏರಿಸ್ತೀಯೇನು?'
'ಹ್ಯಾಂಗ ಏರಿಸ್ತೀನ್ರಿ! ಸೀಳಿ ಚರ್ಮದಾಗ ನಡ್ತದ.'
'ಬಗಲಾನ ಗಂಟು ತೆಗದಾರ. ಈ ಕೈನೂ ಬಾಯಬಹುದು.
ಅದಕ್ಕ ಬಳಿ ಬ್ಯಾಡ, ಸೂಜಿ ಬ್ಯಾಡ, ಬಿ.ಪಿ. ಪಟ್ಟಿನೂ ಬ್ಯಾಡ.
ಬಲಗೈ ತುಂಬ ಹಾಕ್ಕೋ, ಯಾರು ಬ್ಯಾಡಂದ್ರು?'

ಆಕೆ ತನ್ನ ಎಡಗೈಯನ್ನು
ಗಿರಾಕಿಯ ಕೈಯಂತೆ ಹಿಡಿದು ನೋಡಿದಳು.

ಅಲ್ಲಿಂದ ಮುಂದಕ್ಕೆ ಓದಿದೆ. ಈಗ ನೀನು ಹೇಳು ಅಂದೆ.
'ಜ್ವರ ಬಂದ್ರ ಗುಳಿಗಿ ನುಂಗಿ ಮಲ್ಕೋಬೇಕು.'
ಅಲ್ಲ. ಮತ್ತೆ ಓದಿದೆ.
'ಜ್ವರ ಬಂದ್ರ ಮುಂಜಾನೆ ಬರಬೇಕು.'
ಅಲ್ಲ ಮೌಲಾಬಿ.
'ನೂರು ದಾಟಿದ್ರ ಅದೇ ರಾತ್ರಿ ಗಾಡಿ ಹತ್ತಬೇಕು.
ರೊಕ್ಕ ಎಣಿಸ್ಕೋತ ಕೂಡಬಾರ್ದು.'
ಕೊನೆಯದು ಡಾಕ್ಟರು ಹೇಳಿದ್ದಲ್ಲ.
ಅದನ್ನೂ ಬರೆದುಕೊಂಡೆ.

ಒಂದು ಸಾಲು ಮಾತ್ರ ನನಗೇ ತಿಳಿಯಲಿಲ್ಲ, ನನ್ನದೇ ಅಕ್ಷರ.
ಕೇಳಬೇಕು. ಮತ್ತೆ ಹೋಗಿ ನಿಂತೆವು,
ಅರವತ್ತು ಚೀಟಿಗಳ ಹಿಂದೆ.
ಗಂಡ ಪ್ಲಾಸ್ಟಿಕ್ ಚೀಲದಲ್ಲಿ ಚಹಾ ತಂದ.
ನಿಂತಲ್ಲೇ ಮೌಲಾಬಿ ನನ್ನ ಮುಂಗೈ ಹಿಡಿದು
ಒಮ್ಮೆ ಒತ್ತಿ ಬಿಟ್ಟಳು:
'ಎರಡು ಆರು.
ಬಲಗೈ ಜರಾ ದೊಡ್ಡದದ ನೋಡ್ರಿ, ಬರದು ಬರದು.'