ಒಂಬತ್ತರ ಅಲಾರಂ

ಸೂಜಿಯ ಹೊತ್ತಿನ ಅಲಾರಂ ಇನ್ನೂ ತೆಗೆದಿಲ್ಲ.
ರಾತ್ರಿ ಒಂಬತ್ತಕ್ಕೆ ಹೊಡೆದುಕೊಳ್ಳುತ್ತದೆ,
ಕೈ ತಾನಾಗಿ ಫ್ರಿಜ್ಜಿನ ಮೊಟ್ಟೆಗುಳಿಗಳನ್ನು ತಡಕಿ
ಸುಮ್ಮನೆ ಮರಳುತ್ತದೆ.

ನೀನು ಬಂದು ಹನ್ನೊಂದು ದಿನ.
ಮಾಗಡಿ ರಸ್ತೆಯ ಹಾರ್ನಿಗೂ ಏಳದವಳು
ಉಸಿರು ಎಣಿಸಲು ನಾನು ಬಗ್ಗಿದರೆ ಕಣ್ಣು ಬಿಡುತ್ತೀ.
ಎಣಿಸುವುದೊಂದೇ ಕಲಿತದ್ದು ಆರು ವರ್ಷ:
ಒಂಬತ್ತು ಮೊಟ್ಟೆ, ನಾಲ್ಕು ಭ್ರೂಣ,
ಪಟ್ಟಿಯ ಮೇಲೆ ಒಂದು ಗೆರೆ.
ಮತ್ತೆ ಒಂದೇ ಗೆರೆ.

‘ಮುದ್ದು ಬರಲ್ವೇನೇ ನಿಂಗೆ?’
ಮೇಲ್ಮನೆ ಪಂಕಜಾಕ್ಷಮ್ಮ.
ನಾನು ಲಂಗೋಟಿ ಮಡಿಚುತ್ತ ಕೂತೆ.

ಇವತ್ತು ಅಂಗಿ ಬಿಚ್ಚಿ ನಿನ್ನನ್ನು
ಹೊಟ್ಟೆಯ ಮೇಲೆ ಕವುಚಿಕೊಂಡೆ,
ಸೂಜಿಯ ಹಳೇ ಕಲೆಗಳ ಮೇಲೆ.
ಅಲಾರಂ ಹೊಡೆಯಿತು.
ನೀನು ಬೆಚ್ಚಿದೆ,
ಬೆಚ್ಚಗೆ ಉಚ್ಚೆ ಹೊಯ್ದೆ,
ಕಲೆಗಳೆಲ್ಲ ನೆನೆಯುವ ಹಾಗೆ.

‘ಕಳ್ಳಿ’ ಅಂದೆ.
ಮೊದಲ ಸಲ
ಏನಾದರೂ ಅಂದೆ.